ಆಂಟಿ-ಸಿಸಿಪಿ ಜಾಸ್ತಿ ಇದ್ದರೆ ಹೃದಯಕ್ಕೂ ತೊಂದರೆಯಾ?

ನಿಮ್ಮ ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ಈ ಕಾಯಿಲೆಯಲ್ಲಿ ರಕ್ತದಲ್ಲಿ ಕಾಣುವ ಆರ್‌ಎಫ್ ಮತ್ತು ಆಂಟಿ-ಸಿಸಿಪಿ ಎಂಬ ಆ್ಯಂಟಿಬಾಡಿಗಳು ಎರಡೂ ಪಾಸಿಟಿವ್ ಬಂದಿವೆ, ಇದರಿಂದ ಹಾರ್ಟ್ ಅಟ್ಯಾಕ್ ಆಗುತ್ತಾ, ಆ ನಂಬರ್ ಇಳಿಸೋದು ಹೇಗೆ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಇದೇ ಕಾಯಿಲೆ ಜೊತೆ ಏಗುತ್ತಿದ್ದೇನೆ. ನನಗೂ ಎರಡೂ ಪಾಸಿಟಿವ್. ಶುರುವಿನಲ್ಲಿ ಮೂರು ಮೂರು ತಿಂಗಳಿಗೆ ಆಂಟಿ-ಸಿಸಿಪಿ ಮಾಡಿಸುತ್ತಿದ್ದೆ. ಕೈಬೆರಳಿನ ಊತ ಇಳಿಯಿತು, ಬೆಳಗಿನ ಬಿಗಿತ ಹೋಯಿತು, ಆ ನಂಬರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನನ್ನ ಡಾಕ್ಟರೇ ಅದನ್ನು ಮತ್ತೆ ಮತ್ತೆ ಮಾಡಿಸಬೇಡಿ ಎಂದರು. ಅದು ಕಾಯಿಲೆ ಗುರುತಿಸಲು ಇರುವ ಟೆಸ್ಟ್. ಔಷಧಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು, ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳಿವೆ.

ಹೃದಯದ ವಿಷಯ ಸುಳ್ಳಲ್ಲ. ಈ ಕಾಯಿಲೆ ಇದ್ದವರಿಗೆ ಹೃದಯದ ತೊಂದರೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಯುರೋಪಿನ ಕೀಲುರೋಗ ತಜ್ಞರ ಸಂಸ್ಥೆ ಯೂಲಾರ್ ಕೂಡ, ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ಇತ್ಯಾದಿ ನೋಡಿ ಹಾಕುವ ಮಾಮೂಲಿ ಲೆಕ್ಕದಲ್ಲಿ ಬಂದ ಅಪಾಯವನ್ನು 1.5ರಿಂದ ಗುಣಿಸಿ ಎನ್ನುತ್ತದೆ. ಆ್ಯಂಟಿಬಾಡಿ ಪಾಸಿಟಿವ್ ಇದ್ದವರಲ್ಲಿ ಕಾಯಿಲೆಯ ಜೋರು ಸಾಮಾನ್ಯವಾಗಿ ಹೆಚ್ಚು, ಹಾಗಾಗಿ ಎಚ್ಚರವೂ ಹೆಚ್ಚು ಬೇಕು. ಕೀಲಿನಲ್ಲಿ ಉರಿಯೂತ ಮಾಡುವ ವಸ್ತುಗಳು ರಕ್ತದಲ್ಲೇ ಓಡಾಡುತ್ತವೆ, ರಕ್ತನಾಳದ ಗೋಡೆಯನ್ನೂ ಬಿಡುವುದಿಲ್ಲ. ಅದಕ್ಕೇ ಇಳಿಸಬೇಕಾದ್ದು ಉರಿಯೂತವನ್ನು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಲ್ಲಿ ಹೃದಯದ ತೊಂದರೆ ಕಡಿಮೆ ಕಂಡಿದೆ.

ನಾನು ಎಡವಿದ್ದು ಕೊಲೆಸ್ಟ್ರಾಲ್‌ನಲ್ಲಿ. ಕಾಯಿಲೆ ಜೋರಾಗಿದ್ದಾಗ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಕಡಿಮೆ ಇತ್ತು. ಸದ್ಯ, ಇದಾದರೂ ಚೆನ್ನಾಗಿದೆ ಅಂದುಕೊಂಡೆ. ಔಷಧಿ ಹಿಡಿದ ಮೇಲೆ ಅದು ಏರಿತು! ಔಷಧಿಯಿಂದಲೇ ಹೀಗಾಯಿತು ಎಂದು ಜಗಳಕ್ಕೇ ಹೋಗಿದ್ದೆ. ಆಮೇಲೆ ಗೊತ್ತಾಯಿತು, ಉರಿಯೂತ ಜಾಸ್ತಿ ಇದ್ದಾಗ ಕೊಲೆಸ್ಟ್ರಾಲ್ ಸುಮ್ನೆ ಕಡಿಮೆ ತೋರಿಸುತ್ತದಂತೆ, ಅಪಾಯವೇನೂ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಕಾಯಿಲೆ ಹತೋಟಿಗೆ ಬಂದ ಮೇಲೆ ಅಮ್ಮನಿಗೆ ಆ ಟೆಸ್ಟ್ ಮಾಡಿಸಿ. ಬಿಪಿ, ಶುಗರ್ ಹೇಗೂ ನೋಡಿಸುತ್ತೀರಿ ಅಲ್ವಾ.

ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಲಿ. ಆಂಟಿ-ಸಿಸಿಪಿ ಹುಟ್ಟುವುದಕ್ಕೂ ಹೊಗೆಗೂ ನಂಟಿದೆ, ಹೃದಯದ ಮಾತು ಬೇರೆ ಹೇಳಬೇಕಿಲ್ಲ. ನೋವಿನ ಮಾತ್ರೆಯನ್ನು ದಿನಾ ನುಂಗುವ ಅಭ್ಯಾಸವಿದ್ದರೆ ಡಾಕ್ಟರಿಗೆ ಹೇಳಿ, ಅವುಗಳಲ್ಲಿ ಹಲವು ಹೃದಯಕ್ಕೆ ಒಳ್ಳೆಯದಲ್ಲ. ಸ್ಟಿರಾಯ್ಡ್ ಕೂಡ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಇನ್ನೊಂದು. ಹೃದಯದ ನೋವು ಎಡಭುಜಕ್ಕೋ ದವಡೆಗೋ ಬಂದರೆ ನಮ್ಮಂಥವರು "ಅದೇ ಹಳೇ ಕೀಲುನೋವು" ಎಂದು ಮಲಗಿಬಿಡುತ್ತೇವೆ. ಉಬ್ಬಸ, ಬೆವರು ಜೊತೆಗಿದ್ದರೆ ಅಮ್ಮ ಬೇಡ ಅಂದರೂ ಕೇಳಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.