ಒಂದೇ ಜಗಳ, ಎರಡು ಕಥೆ

ಪ್ರಶ್ನೆ: ನಮ್ಮ ಅಣ್ಣ, ತಮ್ಮ ಜಗಳ ಆಡುವಾಗ ನಾನೂ ಅಕ್ಕನೂ ಅಲ್ಲೇ ಇದ್ದೆವು. ಮೊದಲು ಕೂಗಿದ್ದು ತಮ್ಮ ಅಂತ ನಾನು, ಅಣ್ಣ ಅಂತ ಅವಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೇವೆ ಅಲ್ವಾ?

ಉತ್ತರ: ಹಾಗೇನೂ ಇಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್, ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು (ಅಲ್ಲಿಯ ಫುಟ್‌ಬಾಲಿನಲ್ಲಿ ಕೈಯದೇ ಕೆಲಸ ಜಾಸ್ತಿ, ಬಿಡಿ). ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ರೀಲು ತೋರಿಸಿ, ಫೌಲ್‌ಗಳನ್ನು ಎಣಿಸಿ ಅಂದರು. ಡಾರ್ಟ್‌ಮತ್‌ನವರಿಗೆ ತಮ್ಮ ತಂಡದ ಫೌಲ್ ಕಂಡಿದ್ದು ಸರಾಸರಿ ನಾಲ್ಕು ಚಿಲ್ಲರೆ, ಪ್ರಿನ್ಸ್‌ಟನ್‌ನವರಿಗೆ ಅದೇ ತಂಡದ್ದು ಹೆಚ್ಚೂಕಡಿಮೆ ಹತ್ತು! ಯಾರೂ ಸುಳ್ಳು ಹೇಳಬೇಕು ಅಂತ ಕೂತಿರಲಿಲ್ಲ. ನಿಮ್ಮ ಮನೆಯಲ್ಲೂ ಅಷ್ಟೇ, ನಿಮ್ಮ ತಮ್ಮ ಸಿಡುಕ ಅಂತ ನಿಮಗೆ ಮೊದಲೇ ಅನಿಸಿದ್ದರೆ ಅವನ ದನಿಯೇ ಜೋರಾಗಿ ಕೇಳುತ್ತದೆ, ಅದಕ್ಕೂ ಮುಂಚೆ ಅಣ್ಣ ಗೊಣಗಿದ್ದು ಕಿವಿಗೇ ಬಿದ್ದಿರುವುದಿಲ್ಲ. ಆ ಗೊಣಗಾಟ ಏನಿತ್ತು ಅಂತ ಅಕ್ಕನನ್ನು ಸುಮ್ನೆ ಕೇಳಿ ನೋಡಿ.