ಕಾಳು ನುಚ್ಚಾಗಲಿ, ಹೊಟ್ಟು ಉಳಿಯಲಿ

ಪ್ರಶ್ನೆ: ಮನೆಯಲ್ಲೇ ಬಿಯರ್ ಮಾಡುತ್ತೇನೆ. 5 ಕಿಲೋ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ, ತಿಳಿ ಬಣ್ಣದ ಬಾರ್ಲಿ), 15 ಲೀಟರ್ ನೀರು, 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್ (ಒಡೆದ ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆಯಾಗಿಸುವುದು). ಕಾಳಿನಲ್ಲುಳಿದ ಸಕ್ಕರೆ ಇಳಿಯಲೆಂದು ಬಿಸಿ ನೀರಿನಿಂದ ಕಾಳು ತೊಳೆಯುವ ಮೊದಲೇ ಅಳೆದರೂ, ಮ್ಯಾಶ್‌ನಿಂದ ಬರುವ ಸಿಹಿ ದ್ರವವಾದ ವರ್ಟ್‌ನ ಸಾಂದ್ರತೆ (ನೀರಿನದು 1.000) 1.062 ದಾಟುತ್ತಿಲ್ಲ. ಮ್ಯಾಶ್ ಎರಡು ಗಂಟೆ ಇಡಲೇ?

ಉತ್ತರ: ತೊಳೆಯುವ ಮೊದಲೇ ಅಳೆದದ್ದು ಒಳ್ಳೆಯದಾಯಿತು. ಆ ಒಂದು ಅಂಕಿಯಿಂದಲೇ ದೋಷ ತೊಳೆಯುವುದರಲ್ಲಿಲ್ಲ, ಮ್ಯಾಶ್‌ನಲ್ಲೇ ಇದೆ ಎಂದು ಗೊತ್ತಾಗುತ್ತದೆ. ಕಿಲೋಗೆ 3 ಲೀಟರ್ ನೀರು ಹಾಕಿ, ಪಿಷ್ಟವೆಲ್ಲ ಸಕ್ಕರೆಯಾದರೆ 1.084ರ ಆಸುಪಾಸು ಬರಬೇಕು. ನಿಮ್ಮಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಪಿಷ್ಟ ಕರಗದೆ ಉಳಿದಿದೆ. (ಮ್ಯಾಶ್ ಚೆನ್ನಾಗಿ ಕಲಕಿ, ಮಾದರಿಯನ್ನು 20 ಡಿಗ್ರಿಗೆ ತಣಿಸಿ ಅಳೆಯಿರಿ. ಬಿಸಿ ವರ್ಟ್ ಕಡಿಮೆ ತೋರಿಸುತ್ತದೆ.)

ಸಮಯ ಹೆಚ್ಚಿಸಿದರೆ ಅಲ್ಪಸ್ವಲ್ಪ ಲಾಭವಿದೆ. ಆದರೆ ನೀರೇ ಇಳಿಯದ ಕಾಳಿನಲ್ಲಿ ಕಿಣ್ವ ಏನು ಮಾಡೀತು? ಮೊದಲು ಗಿರಣಿ ನೋಡಿ. ಒಡೆದ ಮಾಲ್ಟ್ ಒಂದು ಹಿಡಿ ತಟ್ಟೆಯಲ್ಲಿ ಹರಡಿ. ಇಡೀ ಕಾಳು ಕಾಣಬಾರದು; ಒಳಗಿನ ಬಿಳಿ ಭಾಗ ನುಚ್ಚಾಗಿರಬೇಕು; ಹೊಟ್ಟು ಸೀಳಿದ್ದರೂ ಉದ್ದುದ್ದ ಉಳಿದಿರಬೇಕು. ಹೊಟ್ಟಿನ ತುದಿಯನ್ನು ಉಗುರಿನಿಂದ ಒತ್ತಿ: ಗಟ್ಟಿ ಬಿಳಿ ತುಣುಕು ಅಂಟಿಕೊಂಡಿದ್ದರೆ ಒಡೆತ ಸಾಲದು. ರೋಲರ್‌ಗಳ ನಡುವಿನ ಅಂತರವನ್ನು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳು) ಎರಡೂ ತುದಿಯಲ್ಲಿ ಅಳೆಯಿರಿ; ಒಂದು ಬದಿ ಸಡಿಲವಾಗಿರುವುದು ಸಾಮಾನ್ಯ. 0.1 ಮಿ.ಮೀ.ನಂತೆ ಇಳಿಸುತ್ತಾ 0.9ರ ಹತ್ತಿರ ಬನ್ನಿ. ಗೋಧಿ ಮಾಲ್ಟ್ ಇದ್ದರೆ ಅದನ್ನು ಬೇರೆಯಾಗಿ, ಇನ್ನೂ ಬಿಗಿಯಾಗಿ ಒಡೆಯಿರಿ. ಅದರ ಕಾಳು ಸಣ್ಣದು, ಇಡಿಯಾಗಿಯೇ ಜಾರಿಬಿಡುತ್ತದೆ.

ಪ್ರಶ್ನೆ: ಅಂತರ 0.7 ಮಿ.ಮೀ.ಗೆ ಇಳಿಸಿದ ಮೇಲೆ ವರ್ಟ್ ಇಳಿಯುವುದೇ ನಿಂತಿದೆ.

ಉತ್ತರ: ಸೋಸುವ ಪದರವಾಗಬೇಕಿದ್ದ ಹೊಟ್ಟು ಪುಡಿಯಾಗಿದೆ, ಸಂದುಗಳಲ್ಲಿ ಹಿಟ್ಟು ಕೂತಿದೆ. ಬಟ್ಟೆ ಚೀಲದಲ್ಲಿ ಮ್ಯಾಶ್ ಮಾಡುವವರಿಗೆ 0.7 ಸರಿ, ಅಲ್ಲಿ ಸೋಸುವುದು ಚೀಲ. ಜಾಲರಿಯಿರುವ ಪಾತ್ರೆಗೆ ಅದು ಅತಿಯಾಯಿತು. ಬಿಗಿಯಾಗಿಯೇ ಒಡೆಯಬೇಕೆಂದಿದ್ದರೆ 5 ಕಿಲೋ ಮಾಲ್ಟ್‌ಗೆ 100 ಮಿ.ಲೀ. ನೀರನ್ನು ಚಿಮುಕಿಸುತ್ತಾ ಕಲಸಿ, 10-15 ನಿಮಿಷ ಬಿಟ್ಟು ಒಡೆಯಿರಿ. ಹೊಟ್ಟು ಮೆತ್ತಗಾಗಿ ಬಾಗುತ್ತದೆ, ಚೂರಾಗುವುದಿಲ್ಲ. ನೀರು ಹೆಚ್ಚಾದರೆ ಮಾತ್ರ ರೋಲರ್‌ಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ನಲ್ಲಿಯನ್ನು ಮೊದಲು ಸ್ವಲ್ಪವೇ ತೆರೆಯಿರಿ. ಒಮ್ಮೆಲೇ ಎಳೆದರೆ ಪದರ ಗಟ್ಟಿಯಾಗಿ ಕೂರುತ್ತದೆ.

ಪ್ರಶ್ನೆ: ಅಯೋಡಿನ್ ಪರೀಕ್ಷೆಯಲ್ಲಿ ಬಣ್ಣ ಬದಲಾಗುವುದಿಲ್ಲ, ಆದರೂ ಸಾಂದ್ರತೆ ಕಡಿಮೆ. ಹೇಗೆ?

ಉತ್ತರ: ಅಯೋಡಿನ್‌ಗೆ ಕಾಣುವುದು ದ್ರವದಲ್ಲಿರುವ ಪಿಷ್ಟ ಮಾತ್ರ, ದಪ್ಪ ನುಚ್ಚಿನೊಳಗೆ ಸಿಕ್ಕಿಕೊಂಡದ್ದಲ್ಲ. ಹಾಗಾಗಿ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನೇ ನಂಬಿ. ಇದಕ್ಕೆ ತದ್ವಿರುದ್ಧವೂ ಆಗುತ್ತದೆ: ಮಾದರಿಯಲ್ಲಿ ಹೊಟ್ಟಿನ ಚೂರು ಬಂದರೆ ಪರಿವರ್ತನೆ ಮುಗಿದಿದ್ದರೂ ಕಪ್ಪಾಗುತ್ತದೆ. ತಿಳಿ ವರ್ಟ್ ಮಾತ್ರ ತೆಗೆದು, ತಣಿಸಿ, ಬಿಳಿ ತಟ್ಟೆಯಲ್ಲಿ ಒಂದು ಹನಿ ಅಯೋಡಿನ್ ಬಿಡಿ. ಕಡು ನೀಲಿಯಾದರೆ ಇನ್ನೂ 15 ನಿಮಿಷ ಬೇಕು. ಆ ಮಾದರಿಯನ್ನು ಚೆಲ್ಲಿಬಿಡಿ, ಪಾತ್ರೆಗೆ ಮರಳಿ ಹಾಕಬೇಡಿ. ಒಡೆತ ಸರಿಯಿದ್ದೂ ಸಾಂದ್ರತೆ ಏರದಿದ್ದರೆ ಮ್ಯಾಶ್‌ನ ಪಿಎಚ್ ನೋಡಿ. ತಣಿದ ಮಾದರಿಯಲ್ಲಿ 5.2ರಿಂದ 5.6ರೊಳಗೆ ಇರಬೇಕು.