ಪೌರತ್ವದ ಅರ್ಜಿ ಬಾಕಿಯಿರುವಾಗ ಊರಿಗೆ ಹೊರಟವರಿಗೆ

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ತುಂಬಿದ್ದರಿಂದ ಪೌರತ್ವಕ್ಕಾಗಿ ಎನ್-400 ಅರ್ಜಿ ಸಲ್ಲಿಸಿ, ಬೆರಳಚ್ಚನ್ನೂ ಕೊಟ್ಟು ಬಂದಿದ್ದೇನೆ. ಸಂದರ್ಶನದ ಪತ್ರ ಇನ್ನೂ ಬಂದಿಲ್ಲ. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಮುಂದಿನ ತಿಂಗಳು ಮಂಡಿಯ ಶಸ್ತ್ರಚಿಕಿತ್ಸೆ ಗೊತ್ತಾಗಿದ್ದು, ಎರಡು ತಿಂಗಳಾದರೂ ಜೊತೆಗಿದ್ದು ಬರಬೇಕೆಂದಿದ್ದೇನೆ. ಈಗ ದೇಶ ಬಿಟ್ಟರೆ ಅರ್ಜಿಯೇ ರದ್ದಾಗುತ್ತದೆಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ಇದು ನಿಜವೇ?
ಹೆಸರು ಬೇಡ, ಎಡಿಸನ್

ಉತ್ತರ: ನಿಜವಲ್ಲ. ಆದರೆ ನಿಮ್ಮ ಯಜಮಾನರ ಭಯ ಎಲ್ಲಿಂದ ಬಂದಿದೆಯೆಂದು ಊಹಿಸಬಹುದು. ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರು, ಎಚ್-1ಬಿಯಂಥ ಕೆಲವು ವೀಸಾಗಳವರನ್ನು ಬಿಟ್ಟರೆ, ಮುಂಗಡ ಅನುಮತಿಯಿಲ್ಲದೆ ದೇಶದ ಹೊರಗೆ ಹೋದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ಆ ನಿಯಮವನ್ನು ಕೇಳಿದವರು ಪೌರತ್ವದ ಅರ್ಜಿಗೂ ಅದನ್ನೇ ಅಂಟಿಸಿಬಿಡುತ್ತಾರೆ. ಎನ್-400 ಹಾಕಿದ ಮೇಲೂ ನೀವು ಗ್ರೀನ್ ಕಾರ್ಡ್ ಹೊಂದಿದವರೇ. ಮೊದಲಿನಂತೆಯೇ ಭಾರತದ ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಹಿಡಿದು ಹೋಗಿ ಬರಬಹುದು.

ಲೆಕ್ಕಕ್ಕೆ ಬರುವುದು ಎಷ್ಟು ದಿನ ಹೊರಗಿದ್ದಿರಿ ಎಂಬುದು. ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದ ಮೇಲೆ ಇದ್ದಿರಬೇಕೆಂಬ ಲೆಕ್ಕವನ್ನು ಅರ್ಜಿ ಸಲ್ಲಿಸಿದ ದಿನದವರೆಗೆ ಹಾಕುತ್ತಾರೆ. ಅದು ನಿಮ್ಮ ಪಾಲಿಗೆ ಮುಗಿದ ವಿಷಯ. ಆದರೆ ನಿರಂತರ ವಾಸದ ಷರತ್ತು ಪ್ರಮಾಣವಚನದ ದಿನದವರೆಗೂ ಬೆನ್ನಿಗಿರುತ್ತದೆ. ಒಂದೇ ಪ್ರಯಾಣದಲ್ಲಿ ಆರು ತಿಂಗಳು ಮೀರಿದರೆ ವಾಸ ಕಡಿದಿದೆಯೆಂದೇ ಅಧಿಕಾರಿ ಭಾವಿಸುತ್ತಾರೆ, ಕಡಿದಿಲ್ಲವೆಂದು ಕೆಲಸ, ಮನೆ, ಸಂಸಾರದ ದಾಖಲೆಗಳನ್ನಿಟ್ಟು ತೋರಿಸುವ ಹೊಣೆ ನಿಮ್ಮದಾಗುತ್ತದೆ. ಒಂದು ವರ್ಷವಾದರಂತೂ ಸಾಮಾನ್ಯವಾಗಿ ಕಡಿದೇ ಹೋಗುತ್ತದೆ. ಮರುಪ್ರವೇಶದ ಪರವಾನಗಿ ಪಡೆದು ಹೋದರೆ ಸಾಕೆಂದು ಕೆಲವರು ಹೇಳುವುದುಂಟು. ಅದು ತಿರುಗಿ ಒಳಗೆ ಬರಲು ನೆರವಾಗುತ್ತದೆಯೇ ಹೊರತು ಈ ಷರತ್ತಿನಿಂದ ಪಾರು ಮಾಡುವುದಿಲ್ಲ. ಎರಡು ತಿಂಗಳೆಂದರೆ ಚಿಂತೆಯಿಲ್ಲ. ಆದರೆ ಮಂಡಿಯ ವಿಷಯದಲ್ಲಿ ಎರಡು ತಿಂಗಳು ನಾಲ್ಕಾಗುವುದು ಕಷ್ಟವೇನಲ್ಲ, ಆದ್ದರಿಂದ ಐದನೆಯ ತಿಂಗಳನ್ನು ದಾಟುವುದಿಲ್ಲವೆಂದು ಹೊರಡುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ನನ್ನ ಅನುಭವದಲ್ಲಿ ಇಂಥ ಅರ್ಜಿಗಳು ಪ್ರಯಾಣದಿಂದ ಕೆಡುವುದಕ್ಕಿಂತ ಒಡೆಯದೆ ಉಳಿದ ಲಕೋಟೆಯಿಂದ ಕೆಡುವುದೇ ಹೆಚ್ಚು. ಸಂದರ್ಶನದ ಪತ್ರ ಬರುವುದು ಕೆಲವೇ ವಾರಗಳ ಮುಂಚೆ, ಸಂದರ್ಶನ ನಡೆಯುವುದು ಅಮೆರಿಕದ ಕಚೇರಿಯಲ್ಲೇ. ಚೆನ್ನೈಯಲ್ಲೋ ದೆಹಲಿಯಲ್ಲೋ ಕೊಟ್ಟು ಬರುವಂತಿಲ್ಲ. ಆ ದಿನ ಹಾಜರಾಗದೆ, 30 ದಿನಗಳೊಳಗೆ ಕಾರಣವನ್ನೂ ತಿಳಿಸದಿದ್ದರೆ ಕಡತವನ್ನು ಮುಚ್ಚಿಡುತ್ತಾರೆ, ಮುಂದಿನ ಒಂದು ವರ್ಷದಲ್ಲಿ ತೆರೆಯಿರೆಂದು ಕೇಳಿಕೊಳ್ಳದಿದ್ದರೆ ಅರ್ಜಿಯನ್ನು ಕೈಬಿಟ್ಟಂತಾಗುತ್ತದೆ. ಅಂಚೆ ಕಚೇರಿಗೆ ಹೇಳಿ ಕಾಗದಪತ್ರಗಳನ್ನು ತಡೆಹಿಡಿಸುವ ಸೌಲಭ್ಯ 30 ದಿನಗಳಿಗಷ್ಟೇ ಇರುವುದರಿಂದ ನಿಮ್ಮ ಪ್ರವಾಸಕ್ಕೆ ಅದು ಸಾಲದು. ಯಜಮಾನರು ಅಲ್ಲೇ ಇರುವುದಾದರೆ ದಿನವೂ ಅಂಚೆಪೆಟ್ಟಿಗೆ ನೋಡಲಿ. ನೀವು ಶಿವಮೊಗ್ಗದಿಂದ ವಲಸೆ ಇಲಾಖೆಯ ಆನ್‌ಲೈನ್ ಖಾತೆಯನ್ನು ವಾರಕ್ಕೆರಡು ಬಾರಿ ತೆರೆದು ನೋಡಿ. ಪತ್ರ ಬಂದಾಗ ಅಮ್ಮನ ಪಕ್ಕ ಬಿಟ್ಟು ಏಳಲಾಗದ ಸ್ಥಿತಿಯಿದ್ದರೆ, ದಿನ ಕಳೆಯುವ ಮುಂಚೆಯೇ ಕಾರಣ ಬರೆದು ಬೇರೆ ದಿನಾಂಕ ಕೇಳಿಕೊಳ್ಳಬಹುದು. ಹೊಸ ದಿನಾಂಕಕ್ಕೆ ಕಾಯಬೇಕಾಗುತ್ತದೆ, ಅಷ್ಟೇ. ಬೆರಳಚ್ಚು ಮುಗಿದು ಸಂದರ್ಶನ ಬಾರದ ಈ ನಡುವಿನ ಸಮಯವೇ ಹೋಗಿಬರಲು ಅತ್ಯಂತ ಅನುಕೂಲವಾದದ್ದು. ದಿನಾಂಕ ಬದಲಿಸಬಹುದಾದ ಟಿಕೆಟ್ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಇನ್ನೊಂದು ಮಾತು. ಅರ್ಜಿ ಹಾಕಿದ ನಂತರದ ಪ್ರಯಾಣಗಳನ್ನೂ ಸಂದರ್ಶನದಲ್ಲಿ ಕೇಳುತ್ತಾರೆ. ಗ್ರೀನ್ ಕಾರ್ಡ್ ಇದ್ದವರ ಪಾಸ್‌ಪೋರ್ಟಿಗೆ ಅಮೆರಿಕದ ವಿಮಾನನಿಲ್ದಾಣದಲ್ಲಿ ಮುದ್ರೆ ಒತ್ತದೆ ಕಳಿಸುವುದು ಈಗ ಸಾಮಾನ್ಯ, ಹೀಗಾಗಿ ಹೊರಟ ದಿನ, ಮರಳಿದ ದಿನ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಬೋರ್ಡಿಂಗ್ ಪಾಸಿನ ಜೊತೆ ಇಟ್ಟುಕೊಳ್ಳಿ.

ಪ್ರಶ್ನೆ: ಎನ್-400 ಅರ್ಜಿ ಬಾಕಿಯಿರುವಾಗಲೇ ನನ್ನ ಗ್ರೀನ್ ಕಾರ್ಡಿನ ಅವಧಿ ಮುಗಿಯುತ್ತಿದೆ. ಹುಬ್ಬಳ್ಳಿಯಲ್ಲಿ ತಮ್ಮನ ಮದುವೆಯಿದೆ. ಅದನ್ನು ನವೀಕರಿಸಿಯೇ ಹೋಗಬೇಕೆ?
ಓದುಗರು, ಡಲ್ಲಾಸ್

ಉತ್ತರ: ಬೇಕಾಗಿಲ್ಲ. 2022ರ ಡಿಸೆಂಬರ್ 12ರಿಂದೀಚೆಗೆ ಅರ್ಜಿ ಹಾಕಿದವರಿಗೆ ಬರುವ ಎನ್-400 ರಸೀದಿ ಪತ್ರವೇ ಕಾರ್ಡಿನ ಅವಧಿಯನ್ನು ಕಾರ್ಡಿನ ಮೇಲೆ ಅಚ್ಚಾದ ಮುಕ್ತಾಯದ ದಿನಾಂಕದಿಂದ 24 ತಿಂಗಳು ವಿಸ್ತರಿಸುತ್ತದೆ. ಮೂಲ ಪತ್ರವನ್ನು ಕಾರ್ಡಿನ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿಗೆ ಹಾಕಬೇಡಿ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಕಾರ್ಡಿನ ಮೇಲಿನ ತಾರೀಖು ನೋಡಿ ಸಿಬ್ಬಂದಿ ಹುಬ್ಬೇರಿಸಿದರೆ, ವಿಸ್ತರಣೆಯ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿ.

ಪ್ರಶ್ನೆ: ನನ್ನ ಮಗ ಹೋದ ವಾರ ಅಮೆರಿಕದಲ್ಲಿ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ್ದಾನೆ. ದಸರಾಕ್ಕೆ ಬರಲು ಟಿಕೆಟ್ ಮಾಡಿಸಿದ್ದಾನೆ. ಅವನ ಭಾರತೀಯ ಪಾಸ್‌ಪೋರ್ಟಿಗೆ ಇನ್ನೂ ನಾಲ್ಕು ವರ್ಷ ಅವಧಿ ಇದೆಯಲ್ಲ, ಈ ಬಾರಿಗೆ ಅದರಲ್ಲೇ ಬರಬಹುದಲ್ಲವೇ?
ಹಿರಿಯ ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡವೆನ್ನಿ. 1955ರ ಪೌರತ್ವ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೇ ಭಾರತದ ಪೌರತ್ವ ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟಿನಲ್ಲಿ ಅಚ್ಚಾದ ತಾರೀಖಿಗೆ ಆಮೇಲೆ ಬೆಲೆಯಿಲ್ಲ, ಅದನ್ನು ಬಳಸುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ. ಮರಳುವ ದಾರಿಯೂ ಅಷ್ಟೇ. ಪ್ರಮಾಣವಚನದ ದಿನ ಗ್ರೀನ್ ಕಾರ್ಡನ್ನು ವಾಪಸು ತೆಗೆದುಕೊಂಡು ಪ್ರಮಾಣಪತ್ರವೊಂದನ್ನು ಕೈಗಿಡುತ್ತಾರೆ. ಆ ಹಾಳೆಯನ್ನು ತೋರಿಸಿ ವಿಮಾನ ಹತ್ತಲಾಗದು. ಹಳೆಯ ಪಾಸ್‌ಪೋರ್ಟ್ ನಡೆಯುವುದಿಲ್ಲ, ಹೊಸದು ಬಂದಿಲ್ಲ. ಹೊಸ ಪೌರರು ಮುಂಚಿತವಾಗಿ ಎಣಿಸದೆ ಸಿಕ್ಕಿಬೀಳುವ ಗಳಿಗೆ ಇದೇ.

ಆದ್ದರಿಂದ ನಿಮ್ಮ ಮಗ ಮೊದಲು ಅಮೆರಿಕದ ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿ. ಅದಕ್ಕೆ ಮೂಲ ಪ್ರಮಾಣಪತ್ರವನ್ನೇ ಲಗತ್ತಿಸಬೇಕು, ಅದು ಆಮೇಲೆ ಬೇರೆ ಅಂಚೆಯಲ್ಲಿ ಹಿಂದಿರುಗುತ್ತದೆ. ಕಳಿಸುವ ಮುಂಚೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಲಿ. ಪ್ರಯಾಣಕ್ಕೆ 14 ದಿನಗಳಿಗಿಂತ ಕಡಿಮೆ ಉಳಿದಿದ್ದರೆ ಪಾಸ್‌ಪೋರ್ಟ್ ಏಜೆನ್ಸಿಯಲ್ಲಿ ಸಮಯ ಗೊತ್ತುಮಾಡಿಕೊಂಡು ಖುದ್ದಾಗಿ ಹೋಗಬಹುದು. ಪಾಸ್‌ಪೋರ್ಟ್ ಕೈಸೇರಿದ ಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಸರೆಂಡರ್ ಪ್ರಮಾಣಪತ್ರ ಪಡೆಯಬೇಕು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಒಸಿಐ ದಸರಾದೊಳಗೆ ಬರುತ್ತದೆಂದು ನಂಬಿ ಕೂರದೆ, ಈ ಸಲಕ್ಕೆ ಅಮೆರಿಕದ ಪಾಸ್‌ಪೋರ್ಟಿನ ಮೇಲೆ ಇ-ವೀಸಾ ಮಾಡಿಸುವುದೇ ಲೇಸು. ಆ ಅರ್ಜಿಯಲ್ಲಿ ಹಿಂದಿನ ಪೌರತ್ವವನ್ನು ಕೇಳುವುದರಿಂದ ಸರೆಂಡರ್ ಪ್ರಮಾಣಪತ್ರದ ಪ್ರತಿ ಹತ್ತಿರವಿರಲಿ.

ಟಿಕೆಟ್ಟಿನ ಮೇಲಿನ ಹೆಸರನ್ನೂ ಒಮ್ಮೆ ನೋಡಿಸಿ. ನಮ್ಮವರಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಕುಲನಾಮವಾಗಿಸಿಕೊಳ್ಳುವವರು ಪೌರತ್ವದ ಸಂದರ್ಭದಲ್ಲೇ ಹೆಸರನ್ನು ತಿದ್ದಿಸಿಕೊಳ್ಳುವುದುಂಟು. ಮಗನೂ ಹಾಗೆ ಮಾಡಿದ್ದರೆ ಟಿಕೆಟ್ ಹಳೆಯ ಹೆಸರಿನಲ್ಲಿ, ಪಾಸ್‌ಪೋರ್ಟ್ ಹೊಸ ಹೆಸರಿನಲ್ಲಿ ಇದ್ದೀತು. ವಿಮಾನ ಸಂಸ್ಥೆಗೆ ಈಗಲೇ ಫೋನ್ ಮಾಡಿ ಸರಿಪಡಿಸಿಕೊಳ್ಳಲಿ.